ಮೂರು ಗೆರೆಯ ನೊಣ

ಲಾಟೀನು ಸ್ವಲ್ಪ ಸಣ್ಣಗೆ ಮಾಡಿ... ಹಾಂ, ಸಾಕು. ಇದು ಯಾರೋ ಎಲ್ಲೋ ಕಟ್ಟಿ ಹೇಳಿದ್ದಲ್ಲ. ಉಮ್ಮತ್ತೂರಿನ ನಮ್ಮ ಮಾದೇಶನಿಗೆ, ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ತೊಂಬತ್ನಾಲ್ಕೋ ತೊಂಬತ್ತೈದೋ ಇರಬೇಕು. ಹುಳದ ಮೈಮೇಲೆ ಮೊಟ್ಟೆ ಇಟ್ಟು ಬೆಳೆಯನ್ನೇ ತಿಂದುಹಾಕುವ ಊಜಿ ನೊಣ ಅಂದರೆ ರೇಷ್ಮೆಹುಳ ಸಾಕುವವರೆಲ್ಲ ಬೆಚ್ಚಿಬೀಳುತ್ತಿದ್ದ ಕಾಲ.

ಅವತ್ತು ಮಾದೇಶ ಚಾಮರಾಜನಗರದಿಂದ ಕೊನೇ ಬಸ್ಸಿಗೆ ಬಂದಿಳಿದ. ಹೆಗಲ ಮೇಲೆ ನೊಣ ತಡೆಯುವ ಹೊಸ ಪರದೆಯ ಸುರುಳಿ. ಊರಲ್ಲಿ ಕರೆಂಟಿಲ್ಲ. ಆಲದ ಮರ ದಾಟಿದ. ಬಾವಿ ಹತ್ತಿರ ಬಂದ... ರಾಟೆ ಸದ್ದಾಯಿತು. ಕಿರ್ರ್... ಕಿರ್ರ್... ಆಮೇಲೆ ನಿಂತಿತು. ಕಟ್ಟೆಯ ಮೇಲೆ ಒಬ್ಬಳು ಮುದುಕಿ, ತಲೆ ತುಂಬ ಸೆರಗು ಹೊದ್ದು ಕೂತಿದ್ದಳು.

"ಯಾರ್ಲಾ, ಮಾದೇಸನಾ?"

"ಊ ಕಣಜ್ಜಿ."

"ಎಲ್ಲಿಗ್ ಓಗಿದ್ದೆಲಾ?"

"ಪ್ಯಾಟೆಗೆ. ಮನೆಗೆ ಊಜಿ ನುಗ್ಬುಟ್ಟದೆ."

ಮುದುಕಿ ಸೆರಗು ಸರಿಸದೆಯೇ ಮುಂದಕ್ಕೆ ಬಾಗಿದಳು. ಆಮೇಲೆ ಪಿಸುಗುಟ್ಟಿದಳು.

"ಬೆನ್ ಮ್ಯಾಲಿನ್ ಗೆರೆ ಎಣಿಸ್ದಾ?"

"ಇಲ್ಲ."

"ಎಣ್ಸು. ಬಿರಬಿರನೆ ಓಗು."

ಯಾರ ಮನೆಯ ಅಜ್ಜಿಯೋ ಅಂದುಕೊಂಡು ಅವನು ಒಂದಷ್ಟು ದೂರ ನಡೆದ. ಆಮೇಲೆ ಕಾಲು ತಾನಾಗಿ ನಿಂತುಬಿಟ್ಟಿತು. ಆ ದನಿ... ಅವನನ್ನು ಎತ್ತಿ ಆಡಿಸಿದ ದೊಡ್ಡಮಾದಮ್ಮಜ್ಜಿಯದು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಇವನೇ ಮಣ್ಣು ಹಾಕಿ ಬಂದಿದ್ದ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮನೆ ಕಡೆ ಓಡಿದ.

ಗೆರೆಯ ಮಾತನ್ನು ಅವತ್ತೇ ಮಧ್ಯಾಹ್ನ ರೇಷ್ಮೆ ಇಲಾಖೆಯ ಸಾಹೇಬರೂ ಆಡಿದ್ದರು. ಇವನು ಬೆಂಕಿಪೊಟ್ಟಣದಲ್ಲಿ ಹಿಡಿದು ಒಯ್ದಿದ್ದ ನೊಣ ಬಸ್ಸಿನ ನೂಕುನುಗ್ಗಲಲ್ಲಿ ಅಪ್ಪಚ್ಚಿಯಾಗಿತ್ತು. ಸಾಹೇಬರು ನೋಡಿ ನಕ್ಕುಬಿಟ್ಟರು.

"ಇದ್ರಲ್ಲಿ ಏನಂತ ನೋಡ್ಲಯ್ಯಾ? ಇನ್ನೊಂದು ಹಿಡಿದು ನೀನೇ ಬೆನ್ನು ನೋಡು. ಕಪ್ಪು ಗೆರೆ ಇರ್ತವೆ. ನಾಲ್ಕಿದ್ರೆ ಊಜಿ. ಮೂರಿದ್ರೆ ಅದು ಮಾಂಸದ ನೊಣ. ಅದರ ಹೊಟ್ಟೆ ಮೇಲೆ ಚೌಕಾಬಾರದ ಮನೆ ಥರ ಕಪ್ಪು ಬಿಳಿ ಚೌಕ. ಅದು ಮೊಟ್ಟೆ ಇಡಲ್ಲ, ಜೀವ ಇರೋ ಹುಳಾನೇ ಹಾಕ್ತದೆ. ಅದ್ರಲ್ಲೂ ನೂರೆಂಟು ಜಾತಿ. ಯಾವ್ದು ಅಂತ ಹೇಳೋಕೆ ಗಂಡು ನೊಣದ ಹಿಂಭಾಗ ಬಿಡಿಸಿ ಭೂತಗನ್ನಡೀಲಿ ನೋಡ್ಬೇಕು. ನಿಂಗೆ ಅಷ್ಟೆಲ್ಲ ಬೇಡ. ಗೆರೆ ಎಣಿಸು ಸಾಕು."

"ಮೂರೇ ಇದ್ರೆ ಏನ್ ಮಾಡ್ಲಿ ಸಾ?"

"ಮನೇಲಿ ಏನೋ ಸತ್ತು ಬಿದ್ದಿದೆ ಅಂತ. ಹುಡುಕಿ ಆಚೆ ಹಾಕು."

ಮಾದೇಶ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ. ಹುಳ ಸಾಕುವ ಮನೆಯಲ್ಲಿ ಬೂದು ನೊಣ ಕಂಡರೆ ಅದು ಊಜಿಯೇ. ಎಣಿಸುತ್ತ ಕೂರುವವರು ಯಾರು? ಸೀದಾ ಹೋಗಿ ಪರದೆ ಕೊಂಡಿದ್ದ.

ಅವನ ಹೆಂಡತಿ ಕುಮಾರಿ ತುಂಬು ಬಸುರಿ. ಚೊಚ್ಚಲು. ಇಷ್ಟು ಹೊತ್ತಿಗೆ ಗುಂಡ್ಲುಪೇಟೆಯ ತವರಿನಲ್ಲಿ ಅಮ್ಮನ ಹತ್ತಿರ ಇರಬೇಕಾಗಿತ್ತು. "ಇದೊಂದು ಬೆಳೆ ಮುಗೀಲಿ, ನಾನೇ ಕರ್ಕೊಂಡ್ ಓಯ್ತೀನಿ" ಎಂದು ಇವನೇ ತಡೆದಿದ್ದ. ಹುಳ ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಆಮೇಲಿನ ಆ ಒಂದು ವಾರ ಹಗಲಿರುಳು ಸೊಪ್ಪು ಹಾಕುತ್ತಲೇ ಇರಬೇಕು, ಒಂದು ಜೊತೆ ಕೈ ಸಾಲದು. ಹಿಂದಿನ ದಿನ ಅವಳು ಸೊಪ್ಪಿನ ಬುಟ್ಟಿ ಇಳಿಸಿ, "ಕೂಸು ಅಲ್ಲಾಡ್ತಾನೇ ಇಲ್ಲ, ನೋಡಿ" ಅಂದಿದ್ದಳು. "ನಿದ್ದೆ ಮಾಡ್ತಿರ್ತದೆ ಬುಡಮ್ಮಿ" ಅಂದಿದ್ದ ಇವನು. ಕೆಟ್ಟವನಲ್ಲ ಮಾದೇಶ. ಆದರೆ ಹುಳದ ಮೇಲಿದ್ದ ನಿಗಾದಲ್ಲಿ ಅರ್ಧ ಹೆಂಡತಿ ಮೇಲೆ ಇದ್ದಿದ್ದರೂ ಸಾಕಿತ್ತು. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ಬಾಗಿಲು ತಳ್ಳಿದ. ಹಳೇ ಪರದೆಯ ಆ ಕಡೆ ಹುಳ ಸೊಪ್ಪು ಮೇಯುವ ಸದ್ದು, ಸರಸರ... ಸರಸರ... ಪರದೆಯ ಈ ಕಡೆ, ಕುಮಾರಿ ಮಲಗಿದ್ದ ಚಾಪೆಯ ಮೇಲ್ಗಡೆ, ಇನ್ನೊಂದು ಸದ್ದು. ಗುಂಯ್... ನಿಂತಿತು. ಗುಂಯ್... ಲಾಟೀನು ಎತ್ತಿದ. ಹುಳದ ತಟ್ಟೆಗಳ ಹತ್ತಿರ ಒಂದು ನೊಣವೂ ಇಲ್ಲ. ಎಲ್ಲ ಗೋಡೆಯ ಮೇಲೆ, ಅವಳ ತಲೆಯ ಮೇಲ್ಗಡೆ.

ಲೋಟ ಮುಚ್ಚಿ ಒಂದನ್ನು ಹಿಡಿದ. ಮೆತ್ತಗೆ ಎರಡು ಬೆರಳಲ್ಲಿ ರೆಕ್ಕೆ ಹಿಡಿದು ಲಾಟೀನಿಗೆ ತಂದ. ಕೆಂಪು ಕಣ್ಣು. ಬೆನ್ನ ಮೇಲೆ ಒಂದು... ಎರಡು... ಮೂರು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದ. ಮೂರೇ. ಹೊಟ್ಟೆ ನೋಡಿದ, ಚೌಕ ಚೌಕ. ಅಷ್ಟರಲ್ಲಿ ಅದರ ಬಾಲದಿಂದ ಬಿಳಿಯದೇನೋ ಅವನ ಅಂಗೈಗೆ ಉದುರಿತು. ಮಿಸುಕಾಡುತ್ತಿತ್ತು. ಕೈ ಕೊಡವಿದ. ನೊಣ ಬಿಡಿಸಿಕೊಂಡು ಹಾರಿ ನೆಟ್ಟಗೆ ಹೋಗಿ ಕುಮಾರಿಯ ಹೊಟ್ಟೆಯ ಮೇಲೆ ಕೂತಿತು.

ಏನೋ ಸತ್ತು ಬಿದ್ದಿದೆ... ಅಟ್ಟ ಹತ್ತಿದ. ಮೂಟೆ ಸರಿಸಿದ. ಸೂರಿನ ಸಂದಿಗೆ ಕೈ ಹಾಕಿದ. ಇಲಿ ಇಲ್ಲ, ಹಲ್ಲಿ ಇಲ್ಲ, ಒಂದು ಜಿರಲೆಯೂ ಇಲ್ಲ. ಅಟ್ಟದಿಂದ ಇಳಿಯುತ್ತಿದ್ದವನು ಅರ್ಧಕ್ಕೇ ನಿಂತ. ಅವಳ ಹೊಟ್ಟೆಯ ಮೇಲೆ ಈಗ ನಾಲ್ಕೈದು ಕೂತಿದ್ದವು.

"ಕುಮಾರಿ... ಏ ಕುಮಾರಿ..."

ಹಣೆ ಮುಟ್ಟಿದರೆ ಕೆಂಡ.

"ಹೊಟ್ಟೆ ಕಲ್ಲಾಗ್ಬುಟ್ಟದೆ" ಅಂದಳು ಕಣ್ಣು ಬಿಡದೆ. "ನಿನ್ನೇನೇ ಏಳಿದ್ನಲ್ಲ..."

ಅವನಿಗೆ ಆಗ ಗೊತ್ತಾಯಿತು. ಗೊತ್ತಾಗಿ, ಹೆಂಗಸರ ಹಾಗೆ ಬಾಯಿಬಿಟ್ಟು ಅತ್ತನಂತೆ. ಪಕ್ಕದ ಮನೆ ಬೀರಯ್ಯನ ಬಾಗಿಲು ಬಡಿದ. "ಯಾಕ್ಲಾ?" ಅಂದ ಬೀರಯ್ಯ ಮುಖ ನೋಡಿದವನೇ ಮತ್ತೇನೂ ಕೇಳದೆ ತನ್ನ ರೇಷ್ಮೆಗೂಡು ಸಾಗಿಸುವ ಟೆಂಪೋ ಹೊರಡಿಸಿದ. ಹುಳಕ್ಕೆ ಸೊಪ್ಪು ಹಾಕುವವರಿರಲಿಲ್ಲ. ಹಾಳಾಗಿ ಹೋಗಲಿ ಅಂದ ಮಾದೇಶ.

ಚಾಮರಾಜನಗರದ ಒಂದು ಸಣ್ಣ ನರ್ಸಿಂಗ್ ಹೋಮು. ಡಾಕ್ಟರಮ್ಮ ನೋಡಿ ಹೊರಗೆ ಬಂದರು. ಮಗು ಹೊಟ್ಟೆಯಲ್ಲೇ ಹೋಗಿದೆ, ಬೆಳಗಿನವರೆಗೆ ಬಿಟ್ಟಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎಂದರು. ಮಾದೇಶ ಹೊರಗಿನ ಬೆಂಚಿನ ಮೇಲೆ ಕೂತೇ ಬೆಳಗು ಮಾಡಿದ.

ರಾತ್ರಿಯೇ ಮಗುವನ್ನು ಹೊರತೆಗೆದರು, ಕುಮಾರಿ ಉಳಿದಳು. ಬೆಳಿಗ್ಗೆ ಅವನು ಆಯಾ ಯಶೋದಮ್ಮನನ್ನು ಕೇಳಿದ. "ಕೂಸು ಕೊಡಿ ಅಕ್ಕ. ಮಣ್ ಮಾಡ್ಬೇಕು."

ಯಶೋದಮ್ಮ ಅವನ ಮುಖವನ್ನೇ ನೋಡಿದಳು. "ನಿಮ್ಮಜ್ಜಿ ಕೈಗೆ ಕೊಟ್ನಲ್ಲಪ್ಪ. ರಾತ್ರಿಯೆಲ್ಲ ಒಳಗೇ ಇದ್ರಲ್ಲ, ನಿನ್ ಹೆಂಡ್ತಿಗೆ ಸೆರಗಲ್ಲಿ ನೊಣ ಬೀಸ್ಕೊಂಡು. ನಮ್ ಕೂಸು, ನಾನೇ ಎತ್ಕೊಂಡ್ ಓಯ್ತೀನಿ ಅಂದ್ರು."

ಟೆಂಪೋದಲ್ಲಿ ಬಂದವರು ಮೂರೇ ಜನ. ಬೀರಯ್ಯನನ್ನು ಕೇಳಿ ಬೇಕಾದರೆ.

ಕೋಣೆಯ ಬಾಗಿಲು ತೆರೆದಿತ್ತು. ಕುಮಾರಿಗೆ ಕೇಳಿಸಿತ್ತು. ಮಲಗಿದ್ದಲ್ಲಿಂದಲೇ ಅಂದಳು, "ಗಂಡಾ, ಹೆಣ್ಣಾ?"

"ಹೆಣ್ಣು ಕಣಮ್ಮಿ" ಅಂದಳು ಯಶೋದಮ್ಮ.

"ಬೆಚ್ಚಗೆ ಸುತ್ಕೊಂಡಿದ್ರಾ?"

"ಸೆರಗಲ್ಲೇ ಸುತ್ಕೊಂಡ್ರು."

"ಅಂಗಾದ್ರೆ ಬುಡಿ" ಎಂದು ಆ ಕಡೆ ತಿರುಗಿ ಮಲಗಿದಳು.

ನಡೆದದ್ದು ಇದು, ಒಂದಕ್ಷರ ಸೇರಿಸಿಲ್ಲ. ಯಶೋದಮ್ಮನನ್ನು ನಾನೇ ಹೋಗಿ ಕೇಳಿದ್ದೇನೆ, ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದೇನೂ ಇಲ್ಲ. ಅವಳು ಮಾದೇಶನನ್ನು ಮೆಟ್ಟಿಲ ಹತ್ತಿರ ಕರೆದು ಇನ್ನೊಂದು ಮಾತು ಹೇಳಿದಳು. ಕುಮಾರಿಗೆ ಅವನು ಇವತ್ತಿಗೂ ಅದನ್ನು ಹೇಳಿಲ್ಲ, ನೀವೂ ಹೇಳಬೇಡಿ. ಸತ್ತ ಮಗು ಅಂತ ಡಾಕ್ಟರಮ್ಮನೇ ಅಂದಿದ್ದರು, ಯಶೋದಮ್ಮನೂ ಮುಟ್ಟಿ ನೋಡಿದ್ದಳು, ತಣ್ಣಗಿತ್ತು... ಆದರೆ ಅಜ್ಜಿ ಅದನ್ನು ಸೆರಗಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿಯುವಾಗ, ಅದು ಬಿಕ್ಕಳಿಸುತ್ತಿತ್ತು.