ಕ್ಯಾಮೆರಾದ ನಲವತ್ತು ನಿಮಿಷ

ಹೆಸರು: ಕಾಂತರಾಜು ಬಿನ್ ಲೇಟ್ ಕೆಂಚಯ್ಯ, ವಯಸ್ಸು 47 ವರ್ಷ, ಉದ್ಯೋಗ: ಫೋಟೋ ಸ್ಟುಡಿಯೋ, ವಾಸ: ಅರಕಲಗೂಡು ಟೌನ್.

ಯಾರೂ ಕರೆಸದೆ, ನಾನಾಗಿಯೇ ಎರಡನೇ ಸಲ ಠಾಣೆಗೆ ಬಂದು ತಿಳಿಸುವುದೇನೆಂದರೆ, ದಿನಾಂಕ 28-02-2025ರಂದು ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಸಮಯ ತಪ್ಪಾಗಿದೆ. ಆ ತಪ್ಪಿನಿಂದ ಪಂಚಾಯಿತಿಯ ನೀರು ಬಿಡುವ ನೀರುಗಂಟಿ ಸಣ್ಣಯ್ಯ ಎಂಬುವರು ಕಳ್ಳತನದ ಆರೋಪ ಹೊತ್ತು ಮೂರು ದಿನದಿಂದ ವಿಚಾರಣೆಗೆ ಅಲೆಯುತ್ತಿದ್ದಾರೆ. ತಪ್ಪು ನನ್ನದು.

ನನಗೂ, ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಮೇಷ್ಟರಾಗಿರುವ ನನ್ನ ಸ್ನೇಹಿತ ನಾಗೇಶ್‌ಗೂ ಆಕಾಶದ ಫೋಟೋ ತೆಗೆಯುವ ಹುಚ್ಚು ಆರು ವರ್ಷದಿಂದ ಇದೆ. ಕ್ಯಾಮೆರಾವನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿದರೆ, ಕೈ ತಾಗಿಸದೆ ಸಾಲಾಗಿ ನೂರಾರು ಫೋಟೋ ತೆಗೆಯಬಹುದು. ಅದಕ್ಕೆ ಸಾಫ್ಟ್‌ವೇರ್ ಬೇಕು. ನಮ್ಮ ಬಳಿ ಎರಡಿದ್ದವು. ಒಂದು ನಾನು ಮೊದಲಿನಿಂದ ಬಳಸುತ್ತಿದ್ದದ್ದು, ಇನ್ನೊಂದು ನಾಗೇಶ್ ಹೊಸದಾಗಿ ಇಳಿಸಿಕೊಂಡಿದ್ದದ್ದು. ಯಾವುದು ಮೇಲು ಎಂದು ನಮ್ಮಿಬ್ಬರಿಗೂ ಒಂದು ತಿಂಗಳಿಂದ ಜಗಳ. ಒಂದೇ ರಾತ್ರಿ ಎರಡನ್ನೂ ಪರೀಕ್ಷಿಸೋಣವೆಂದು ದಿನಾಂಕ 27-02-2025, ಗುರುವಾರ, ಅಮಾವಾಸ್ಯೆಯ ಕತ್ತಲು ನೋಡಿಕೊಂಡು ಮಲ್ಲಿಪಟ್ಟಣ ಹೋಬಳಿಯ ಕೊಪ್ಪಲೊಂದರ ಕೆರೆ ಏರಿಗೆ ಹೋದೆವು.

ಸಂಜೆ 7 ಗಂಟೆ 50 ನಿಮಿಷಕ್ಕೆ ಕ್ಯಾಮೆರಾವನ್ನು ನೈಋತ್ಯಕ್ಕೆ ಮುಖ ಮಾಡಿ ಸ್ಟ್ಯಾಂಡಿನ ಮೇಲೆ ಇಟ್ಟೆವು. ಆ ಊರಿನ ಜಮೀನುದಾರರಾದ ಚನ್ನಪ್ಪನವರ ಪಂಪ್‌ಹೌಸ್ ಅಲ್ಲಿಂದ ಸುಮಾರು 400 ಮೀಟರ್. ಪಂಪ್‌ಹೌಸ್ ಕಡೆಯಿಂದ ಏರಿಗೆ ಬರುವ ಬಂಡಿ ದಾರಿ ಫೋಟೋದ ಕೆಳಮೂಲೆಯಲ್ಲಿ ಕಾಣುತ್ತದೆ. ಮೊದಲು ಹಳೆಯ ಸಾಫ್ಟ್‌ವೇರ್ ಹಾಕಿದೆವು. ಅದರಲ್ಲಿ ಫೋಕಸ್ ಚೆನ್ನಾಗಿ ಸಿಕ್ಕಿತು, ಆದರೆ ನಡುವೆ ಎರಡು ಸಲ ನಿಂತುಹೋಯಿತು. ನಾಗೇಶ್ ಕಂಬಳಿ ಹೊದ್ದು ಲ್ಯಾಪ್‌ಟಾಪ್ ಮುಂದೆ ಕೂತು ನನ್ನನ್ನು ಆಡಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಸಣ್ಣಯ್ಯ ಬಂಡಿ ದಾರಿಯಿಂದ ಮೊಪೆಡ್‌ನಲ್ಲಿ ಬಂದು, ನಮ್ಮ ಹತ್ತಿರ ನಿಲ್ಲಿಸಿ, ಏನ್ ಸಾ ಚುಕ್ಕಿ ಇಡೀತಾ ಇದ್ದೀರಾ ಎಂದು ಕೇಳಿ ಹೋದರು. ಲೈಟು ಬಿದ್ದು ಫೋಟೋ ಹಾಳಾಯಿತೆಂದು ನಾನು ಬೈದುಕೊಂಡೆ. ಗಡಿಯಾರ ನೋಡಲಿಲ್ಲ.

ಮಾರನೇ ದಿನ ಬೆಳಿಗ್ಗೆ 10 ಗಂಟೆಗೆ ಚನ್ನಪ್ಪನವರು ಸ್ಟುಡಿಯೋಗೆ ಬಂದರು. ತಮ್ಮ ಪಂಪ್‌ಸೆಟ್ಟಿನ 60 ಮೀಟರ್ ಕೇಬಲ್ ಕಳುವಾಗಿದೆ, ಕರೆಂಟ್ ಇದ್ದರೂ ರಾತ್ರಿ 9 ಗಂಟೆ 5 ನಿಮಿಷಕ್ಕೆ ಮೋಟಾರ್ ಸದ್ದು ನಿಂತಿದ್ದನ್ನು ಆಳು ನಟರಾಜು ಕೇಳಿಸಿಕೊಂಡಿದ್ದಾನೆ, ನೀನು ರಾತ್ರಿ ಏರಿ ಮೇಲೆ ಇದ್ದೆಯಂತೆ, ನಿನ್ನ ಫೋಟೋದಲ್ಲಿ ಯಾರಾದರೂ ಸಿಕ್ಕಿದ್ದಾರಾ ನೋಡು ಎಂದರು. ನೋಡಿದೆ. ಮೊಪೆಡ್ಡಿನ ಲೈಟು ಗೆರೆಯಂತೆ ಬಿದ್ದಿತ್ತು. ಫೋಟೋದ ಸಮಯ 9 ಗಂಟೆ 8 ನಿಮಿಷ ಎಂದಿತ್ತು. ಅದು ಸಣ್ಣಯ್ಯನ ಗಾಡಿ ಎಂದು ನಾನೇ ಬಾಯಿಬಿಟ್ಟೆ. ಅಂದೇ ಠಾಣೆಯಲ್ಲಿ ಅದೇ ಸಮಯ ಬರೆಸಿ ಸಹಿ ಹಾಕಿದೆ.

ತಾವು ಕೇಳಿದಾಗ ಸಣ್ಣಯ್ಯ, ಒಂಬತ್ತಕ್ಕೆ ಮನೆಯಲ್ಲಿ ಉಣ್ಣುತ್ತಿದ್ದೆ, ಆಮೇಲೆ ಊರೊಳಗಿಂದ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ ಒಂಬತ್ತೂ ಮುಕ್ಕಾಲಿಗೆ ಏರಿ ದಾರಿಯಲ್ಲಿ ವಾಪಸ್ ಬಂದೆ ಎಂದು ಹೇಳಿದ್ದರಂತೆ. ಫೋಟೋ ಮುಂದೆ ಆ ಮಾತು ನಿಲ್ಲಲಿಲ್ಲ. ಪಂಚಾಯಿತಿಯವರು ವಾಲ್ವಿನ ಕೀ ಇಸಿದುಕೊಂಡು ಬೇರೆಯವರ ಕೈಗೆ ಕೊಟ್ಟರು. ಹತ್ತೊಂಬತ್ತು ವರ್ಷದ ಕೆಲಸ ಅದು. ಅವರ ಹೆಂಡತಿ ಮಾಯಮ್ಮ ಶನಿವಾರ ಸ್ಟುಡಿಯೋ ಬಾಗಿಲಿಗೆ ಬಂದು, ನಿಮ್ ಮಕ್ಕಳೊಟ್ಟೆ ತಣ್ಣಗಿರ್ಲಿ ಸಾ, ಇನ್ನೊಂದ್ಸಲ ಸರ್ಯಾಗ್ ನೋಡಿ ಎಂದು ಅತ್ತರು. ಫೋಟೋ ಸುಳ್ಳು ಹೇಳುವುದಿಲ್ಲಮ್ಮ ಎಂದು ಹೇಳಿ ಕಳಿಸಿದೆ. ಆ ಮಾತು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನಿನ್ನೆ ಭಾನುವಾರ ಸಂಜೆ 6 ಗಂಟೆಗೆ ನಾಗೇಶ್ ನಮ್ಮ ಮನೆಗೆ ಬಂದ. ಎರಡು ಸಾಫ್ಟ್‌ವೇರಿನ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಪಟ್ಟಿ ಮಾಡಲು ಕೂತೆವು. ಹಳೆಯದರ ಕೊನೆಯ ಫೋಟೋದ ಸಮಯ 9 ಗಂಟೆ 22 ನಿಮಿಷ. ಹೊಸದರ ಮೊದಲ ಫೋಟೋದ ಸಮಯ 10 ಗಂಟೆ 9 ನಿಮಿಷ. ನಡುವೆ 47 ನಿಮಿಷ. ಸಾಫ್ಟ್‌ವೇರ್ ಬದಲಿಸಲು ನಮಗೆ ಅಷ್ಟು ಹೊತ್ತು ಹಿಡಿದಿರಲೇ ಇಲ್ಲ. ನಕ್ಷತ್ರಗಳು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಶ್ಚಿಮಕ್ಕೆ ಸರಿಯುತ್ತವೆ. ಕ್ಯಾಮೆರಾ ಅಲುಗಾಡಿರಲಿಲ್ಲ. ನಾಗೇಶ್ ಅಳೆದು ನೋಡಿದ. ಎರಡು ಡಿಗ್ರಿಯೂ ಸರಿದಿರಲಿಲ್ಲ, ಅಂದರೆ ಆಗಿದ್ದದ್ದು ಏಳು ನಿಮಿಷ ಮಾತ್ರ. ಲೋ ಕಾಂತ, ಆಕಾಶ ಸರ್ಯಾಗೇ ಐತೆ ಕಣ್ಲಾ, ನಿನ್ ಕ್ಯಾಮೆರಾನೇ ನಲವತ್ತು ನಿಮಿಷ ಇಂದೈತೆ ಎಂದ. ಲ್ಯಾಪ್‌ಟಾಪ್‌ನಲ್ಲಿ ಫೋಟೋ ಸೇವ್ ಆದ ಸಮಯ ತೆಗೆದು ನೋಡಿದೆವು. ಮೊಪೆಡ್ಡಿನ ಫೋಟೋ ಸೇವ್ ಆಗಿದ್ದು 9 ಗಂಟೆ 48 ನಿಮಿಷಕ್ಕೆ. ಹಳೆಯ ಸಾಫ್ಟ್‌ವೇರ್ ಕ್ಯಾಮೆರಾದ ಗಡಿಯಾರವನ್ನು ಇದ್ದ ಹಾಗೇ ಬಿಡುತ್ತದೆ. ಹೊಸದು ಕೇಬಲ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ನೋಡಿ ಸರಿಮಾಡುತ್ತದೆ. ನಾವು ಮಾಡುತ್ತಿದ್ದ ಪಟ್ಟಿಯಲ್ಲಿ ಈ ವ್ಯತ್ಯಾಸಕ್ಕೆ ಒಂದು ಕಾಲಮ್ಮೂ ಇರಲಿಲ್ಲ.

ಕ್ಯಾಮೆರಾ ಯಾಕೆ ಹಿಂದಿತ್ತು ಎಂದು ನಾಗೇಶ್ ಕೇಳಿದ. ಆಗ ನನಗೆ ಹಿಂದಿನ ಭಾನುವಾರದ ಮದುವೆ ನೆನಪಾಯಿತು.

ದಿನಾಂಕ 23-02-2025ರಂದು ಚನ್ನಪ್ಪನವರ ಮಗಳು ದೀಪಶ್ರೀ ಮದುವೆಗೆ ನಾನೇ ಫೋಟೋಗ್ರಾಫರ್. ಮುಹೂರ್ತ 10.15ರಿಂದ 10.55. ಗಂಡಿನ ಕಡೆಯವರು ಚನ್ನರಾಯಪಟ್ಟಣದಿಂದ ಬರಬೇಕಿತ್ತು. ಶಾಂತಿಗ್ರಾಮದ ಹತ್ತಿರ ಬಸ್ಸು ಕೆಟ್ಟು ತಡವಾಯಿತು. ಹುಡುಗಿಯ ತಾಯಿ ಲಕ್ಕಮ್ಮನವರು ನನ್ನನ್ನು ಅಡುಗೆ ಮನೆ ಹಿಂದಕ್ಕೆ ಕರೆದು, ಅಣ್ಣಯ್ಯ, ಪೋಟೋದಾಗೆ ಟೈಮು ಮೂರ್ತದೊಳ್ಗೇ ಬರೋ ಅಂಗ್ ಮಾಡು, ನಾಳೆ ಎಚ್ಚುಕಮ್ಮಿ ಆದ್ರೆ ಬೀಗ್ರು ನನ್ ಮಗಳ್ಗೇ ಅಂತಾರೆ ಎಂದು ಕೈ ಹಿಡಿದುಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಸ್ಟುಡಿಯೋದವರಿಗೆ ಇದು ಹೊಸದಲ್ಲ. ಕ್ಯಾಮೆರಾ ಗಡಿಯಾರವನ್ನು 40 ನಿಮಿಷ ಹಿಂದಕ್ಕೆ ತಿರುಗಿಸಿದೆ. ಮಾಂಗಲ್ಯ ಕಟ್ಟಿದ್ದು 11 ಗಂಟೆ 25 ನಿಮಿಷಕ್ಕೆ. ಫೋಟೋದಲ್ಲಿ 10.45 ಎಂದಿದೆ. ಆಮೇಲೆ ಸರಿಮಾಡುವುದನ್ನು ಮರೆತೆ.

ಇವತ್ತು ಬೆಳಿಗ್ಗೆ 8 ಗಂಟೆಗೆ ಚನ್ನಪ್ಪನವರಿಗೆ ಫೋನ್ ಮಾಡಿ ಇರುವುದನ್ನು ಹೇಳಿದೆ. ಅರ್ಧ ಗಂಟೆಯಲ್ಲಿ ಸ್ಟುಡಿಯೋಗೆ ಬಂದರು. ಕೇಬಲ್ ಓದ್ರೆ ಓಗ್ಲಿ, ಕಂಪ್ಲೇಂಟೇ ವಾಪಸ್ ತಗೋತೀನಿ, ಮದ್ವೆ ಇಸ್ಯ ಟೇಸನ್‌ನಾಗೆ ಎತ್ಬ್ಯಾಡ ಕಣಪ್ಪ ಎಂದು ಕೇಳಿಕೊಂಡರು. ಕಂಪ್ಲೇಂಟ್ ವಾಪಸ್ ಹೋದರೆ ಸಣ್ಣಯ್ಯನನ್ನು ಬಿಟ್ಟರು ಅನ್ನುತ್ತಾರೆ, ಕದ್ದಿಲ್ಲ ಅನ್ನುವುದಿಲ್ಲ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದರು. ಆ ಹುಡುಗಿ ಮದುವೆಯಾಗಿ ಎಂಟು ದಿನ. ಅವಳಿಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಿನ್ನೆ ರಾತ್ರಿಯೆಲ್ಲಾ ನಿದ್ದೆ ಇಲ್ಲ, ಸಾಕಾಗಿಹೋಗಿದೆ.

10 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದಾಗ ಸಣ್ಣಯ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಿಮ್ಮ ಸಮಯವೇ ಸರಿ, ಈಗ ಎಲ್ಲ ಸಾಬೀತಾಯಿತು ಎಂದು ಹೇಳಿದೆ. ಹೇಗೆ ಎಂದು ಕೇಳಿದರು, ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಕ್ಯಾಮೆರಾನ ಕೇಳುದ್ರಿ, ಕಂಪ್ಯೂಟ್ರುನ ಕೇಳುದ್ರಿ, ಚುಕ್ಕಿನೂ ಕೇಳುದ್ರಿ, ಒಂಬತ್ತೂ ಮುಕ್ಕಾಲು ಅಂತ ನಾನು ಮೊದಲ್ನೇ ದಿನಾನೇ ಏಳಿದ್ನಲ್ಲ ಸಾ ಎಂದರು. ನಾನು ನೇರವಾಗಿ ಒಳಗೆ ಬಂದೆ.

ಇಷ್ಟೂ ನಾನು ಹೇಳಿ ಬರೆಸಿದ್ದು. ಓದಿಸಿ ಕೇಳಿದೆ, ಸರಿಯಿದೆ. ಈ ಸಲ ಸಮಯ ಬರೆಸುವ ಮುಂಚೆ ಗೋಡೆಯ ಗಡಿಯಾರವನ್ನೂ ಫೋನನ್ನೂ ನೋಡಿಕೊಂಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 03-03-2025, ಬೆಳಿಗ್ಗೆ 11 ಗಂಟೆ 35 ನಿಮಿಷ
ಸಹಿ: ಕಾಂತರಾಜು