ಗೂಳಿಮಾರಿಯಾಂವ ಒಮ್ಮೆ ಗೆಲ್ಲಲಿ

ಹರನ ಜಡಿಯೊಳಗ ಹುಟ್ಟಿದ ವೀರಭದ್ರಪ್ಪಾ, ನಿನ್ನ ಪಾದಕ್ಕ ಶರಣು. ನಿನ್ನ ಹೆಸರು ಹೇಳಿ ಬಾಯಿ ತೆರದೇನಿ, ಮಾತಿನ್ಯಾಗ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋ ನಮ್ಮಪ್ಪಾ… ಹೂಂ. ಈಗ ಕೇಳು ಶಾಹೀನ. ಯಾಕ ನಗ್ತೀ? ಬಾಜೂ ಮನಿ ಶಂಕ್ರವ್ವ ಎರಡು ಮಾತಾಡಾಕ ಬಂದ್ರೂ ಮೊದಲ ದೇವರಿಗೆ ಕೈ ಮುಗೀತಾಳ ಅಂತನ? ನಗು. ನಿಮ್ಮಮ್ಮ ಇಮಾಮಬೀನೂ ಬಿಸ್ಮಿಲ್ಲಾ ಅನ್ನದ ಒಲಿ ಹಚ್ಚಾಂಗಿಲ್ಲ, ಆಕೀಗೂ ನಗು ಮತ್ತ.

ಎಲ್ಲಿ ಆಕಿ? ಎಲಿ ತೋಟಕ್ಕ ಹೋಗ್ಯಾಳೇನು? ಛಲೋ ಆತು. ನಿನ್ನ ಕೂಡನ ಮಾತಿತ್ತು… ಬ್ಯಾಡ, ಚಾ ಬ್ಯಾಡವ್ವಾ. ನೀ ಕುಂದ್ರು. ನನ್ನ ಮೊಣಕಾಲು ಹೇಳಿದಂಗ ಕೇಳವಲ್ವು, ಇಲ್ಲೇ ಗ್ವಾಡಿಗೆ ಆತು ಕುಂದರ್ತೇನಿ.

ಆ ಮೊಬೈಲ್ ಆಟ… ಕಾಲೇಜಿನಿಂದ ಬಂದಾಕಿನ ಆಡ್ತೀಯಲ್ಲ, ಅದು. ಅದರ ಸಪ್ಪಳ ನಮ್ಮ ಮನಿಗೆ ಬರ್ತೈತಿ. ನಡುವ ಇರೂದ ಇದೊಂದು ಗ್ವಾಡಿ. ನಮ್ಮವರು ಮೌನ ಹಿಡದಾರ ನೋಡು, ಅನುಷ್ಠಾನ… ಮಾತಾಡಾಂಗಿಲ್ಲ, ಮಲಗೇ ಇರ್ತಾರ, ಅವರಿಗೆ… ಅಯ್ಯ, ಅದೇನು ಕಿವ್ಯಾಗ ಇಟ್ಕೊಳ್ಳಾಕತ್ತಿ? ತಗಿ! ತಗಿ ಅದನ್ನ! ಸಪ್ಪಳ ಕಡಿಮಿ ಮಾಡು ಅಂದೆನೇನು ನಾ? ಇಲ್ಲ, ಇಲ್ಲ… ಜೋರಾಗಿನ ಇಡು. ಹಂಗ ಇರಲಿ.

ನನಗೇನೂ ತಲಿ ಕೆಟ್ಟಿಲ್ಲ. ಹಂಗ ನೋಡಬ್ಯಾಡ.

ಮೊದಲ ತೋರಸು, ಯಾರ್ಯಾರು ಅದಾರ ಅದರಾಗ. ಇಂವ ಯಾರು, ಒಂದ ಕಣ್ಣಿನ ಮುದುಕ? ಹೆಗಲ ಮ್ಯಾಲೆ ಕಾಗಿ ಬ್ಯಾರೆ… ಬರ್ಫ ಬೀಳೂ ದೇಶದ ದೇವರ? ಕಣ್ಣು ತಾನ ಕಿತ್ತು ಕೊಟ್ಟನಂತ? ಯಾಕ? ಜ್ಞಾನಕ್ಕ! ನೋಡು ಮತ್ತ. ನಮ್ಮ ಕಡೆ ಬ್ಯಾಡರ ಶರಣ ಶಿವಗ ಕಣ್ಣು ಕಿತ್ತು ಕೊಟ್ಟ, ಇಂವ ಜ್ಞಾನಕ್ಕ ಕೊಟ್ಟ. ದೂರದ ಸಂಬಂಧಾ ಇರಬೇಕು. ಈ ನರಿಮಾರಿಯಾಂವ? ಸತ್ತವರ ಗುಂಡಿಗಿ ತಕ್ಕಡ್ಯಾಗ ತೂಗ್ತಾನ? ಅಯ್ಯ ಶಿವನ… ಯಮನ ಕಚೇರಿಯಾಂವ ಅನ್ನು. ಮತ್ತ ಈಕಿ, ತಲಿ ತುಂಬ ಹಾವು? ಈಕೀನ್ನೂ ಹೊಡಿಬೇಕ? ನಾಗಪ್ಪನ್ನ ತಲಿಮ್ಯಾಲೆ ಹೊತ್ತಾಕಿಗೆ ಹಾಲು ಎರೀಬೇಕವ್ವಾ, ಕತ್ತಿ ಹಾಕ್ತಾರೇನು!

ಇವರಿಗೆಲ್ಲಾ ಈಗ ಯಾರರ ದೀಪಾ ಹಚ್ತಾರೇನು? ಇಲ್ಲ? ಒಬ್ರೂ ಇಲ್ಲ?

ಪಾಪ. ಒಂದು ಕಾಲಕ್ಕ ಯಾರದೋ ಮನಿದೇವ್ರು. ಯಾರೋ ಮುದುಕಿ ಮುಂಜಾನೆ ಎದ್ದು ಇವರ ಮುಂದ ಕಸಾ ಹೊಡದಿರಬೇಕು. ಇರಲಿ, ನಿನ್ನ ಮೊಬೈಲ್‌ನ್ಯಾಗರ ಜಾಗಾ ಸಿಕ್ತಲ್ಲ. ತಡಿ, ಕೈ ಮುಗೀತೇನಿ… ನಗು ನೀ, ನಗು.

ಈಗ ಅವನ್ನ ತಗಿ. ಅವನ್ನ… ಗೂಳಿಮಾರಿಯಾಂವನ್ನ.

ಹೂಂ, ಇವನ. ಅವನ ಬಲಗಡೆ ಹೆಗಲು ನೋಡು. ಕೂಗೂಕಿಂತ ಮೊದಲ ಒಮ್ಮೆ ಮ್ಯಾಲೆ ಹೋಗ್ತೈತಿ, ಕಂಡಿತೇನು? ಅದು ಗೂಳಿ ಹೆಗಲಲ್ಲ ಶಾಹೀನ. ಮದಿವ್ಯಾದಾಗಿಂದ ನೋಡಿದ ಹೆಗಲದು. ನಮ್ಮವರದು. ನಿಮ್ಮ ಉಳವಪ್ಪ ಕಾಕಾಂದು… ಖರೇ. ವೀರಭದ್ರಪ್ಪನ ಆಣಿ.

ಹುಬ್ಬಳ್ಳಿಯಿಂದ ಈ ಮೊಬೈಲ್ ಆಟ ಮಾಡೂ ಹುಡುಗರು ಬಂದಿದ್ರಲ್ಲ, ನೀನ ಅವರಿಗೆ ನೀರು ಕೊಟ್ಟಿದ್ದಿ. ವೀರಭದ್ರನ ಮುಂದ ಕುಣಿಯೂ ಪುರವಂತರ ಕುಣತಾ ಬೇಕು, ಕೂಗು ಬೇಕು ಅಂತ ಇವರನ್ನ ಕರಕೊಂಡು ಹೋದ್ರು. ಅಲ್ಲಿ ಇವರ ಕಾವಿ, ರುದ್ರಾಕ್ಷಿ ಎಲ್ಲಾ ಬಿಚ್ಚಿಸಿ, ಒಂದು ಬಿಗಿ ಕರೇ ಅಂಗಿ ತೊಡಿಸಿ, ಮೈತುಂಬ ಹೊಳಿಯೂ ಗುಂಡು ಅಂಟಿಸಿದ್ರಂತ. ಆ ಗುಂಡು ನೋಡೇ ಯಂತ್ರ ಕುಣತಾ ಹಿಡೀತೈತಂತ. ಇವರು ಬಿಡ್ತಾರೇನು? ದೇವರ ಕುಣತಾ ಐತಿ, ಬರೇ ಮೈಲೆ ಹೆಂಗ ಕುಣಿಯೂದು ಅಂತ, ಯಾರೂ ನೋಡದಾಗ ಆ ಅಂಗಿ ತುಂಬ ವಿಭೂತಿ ಬಡಕೊಂಡು ನಿಂತಾರ! ಗುಂಡು ಹೊಳಿಯೂದ ನಿಂತು, ಯಂತ್ರಕ್ಕ ಇವರು ಕಾಣವಲ್ರಂತ. ಕುಣದ್ರ ತೆರಿಮ್ಯಾಲೆ ಬರೇ ಒಂದು ಮೊಣಕೈ ಕುಣೀತಿತ್ತಂತ. ಅರ್ಧಾ ದಿನ ಆ ಹುಡುಗರು ಅರಬಿ ತಗೊಂಡು ಒರಸಿದ್ರು… ಹೌದವ್ವಾ, ನಾನೂ ನಕ್ಕಿದ್ದೆ. ಮನಿಗೆ ಬಂದು ಕುಣದು ತೋರಿಸಿ ಹೇಳಿದ್ರು.

ದಕ್ಷನ ಯಜ್ಞಾ ಕೆಡಿಸಿದ ವೀರಭದ್ರ ಆಟದಾಗ ಬರ್ತಾನ ಅಂದಿದ್ರು. ಆಮ್ಯಾಲೆ, ನಮ್ಮ ದೇವರನ್ನ ಆಟಕ್ಕ ಹಾಕಿದ್ರ ಮಂದಿ ಸಿಟ್ಟಿಗೇಳ್ತಾರ ಅಂತ ಅಂಜಿದ್ರಂತ. ಅದ ಕುಣತಾ, ಅದ ಧ್ವನಿ, ಯಾವದೋ ದೇಶದ ಗೂಳಿಗೆ ತೊಡಿಸಿಬಿಟ್ರು.

ಸಿಟ್ಟು ನನಗ ಬಂದಿತ್ತು. ನಮ್ಮವರಿಗೆ ಬರಲಿಲ್ಲ. ‘ಗೂಳಿ ಅಂದ್ರ ನಮ್ಮ ನಂದಿ ಪೈಕೀನ ಬಿಡ’ ಅಂತ ನಕ್ಕರು. ಆವಾಗ ಇನ್ನೂ ಮಾತಾಡ್ತಿದ್ರಲ್ಲ… ಅಂದ್ರ… ಮೌನ ಹಿಡಿಯೂಕಿಂತ ಮೊದಲ.

ಇರಲಿ. ನಾ ಬಂದದ್ದು ಯಾಕ ಅಂದ್ರ… ಹೆಂಗ ಹೇಳ್ಲಿ ಇದನ್ನ. ನೀ ಭಾಳ ಶ್ಯಾಣ್ಯಾಕಿ ಶಾಹೀನ. ದಿನಾ ಗೆಲ್ತೀ. ನೀ ಗೆದ್ದಾಗೆಲ್ಲಾ ಅಂವ ಸಾಯ್ತಾನ. ಸಾಯೂ ಮುಂದ ಒಂದು ಕೂಗು ಹಾಕ್ತಾನಲ್ಲ, ಉದ್ದಕ, ಕಡೀಕ ಒಡದು ಹೋಗ್ತೈತಿ… ಅದು ಈ ಗ್ವಾಡಿ ದಾಟಿ ಬರ್ತೈತಿ. ಅವರು ಮಂಚದ ಮ್ಯಾಲೆ ಇತ್ತಾಗ ಮಾರಿ ಮಾಡಿ ಮಲಗಿರ್ತಾರ. ಕೇಳ್ತಾರ. ಕೇಳಿದ ಮ್ಯಾಲೆ ಗಂಜಿ ಮುಟ್ಟಾಂಗಿಲ್ಲ. ದಿನಾ ತಮ್ಮ ಧ್ವನಿ ಸಾಯೂದನ್ನ ತಾವ ಕೇಳ್ಕೋತ… ಒಳಗ ಏನೋ ಕೈಬಿಟ್ಟಾರವ್ವಾ. ದಣದೇನಿ ನಾನೂ. ಗಂಜಿ ಬಿಸಿ ಮಾಡೂದು, ಆರೂದು, ಮತ್ತ ಬಿಸಿ ಮಾಡೂದು.

ಏನಂದಿ? ಬ್ಯಾರೆ ಆಟ ಆಡ್ಲೇನು ಅಂತನ? ಬ್ಯಾಡ! ಅದೂ ಇಲ್ಲದಂಗಾದ್ರ… ಕಾಯ್ತಾರವ್ವಾ ಆ ಹೊತ್ತಿಗೆ. ನಿನ್ನ ಚಪ್ಪಲಿ ಸಪ್ಪಳ ಆದ್ರ ಸಾಕು, ಕಣ್ಣು ತೆರೀತಾರ.

ಅದಕ್ಕ ಕೇಳಾಕ ಬಂದೇನಿ. ಒಮ್ಮೆ ಸೋಲು.

ಯಾಕ ಹಂಗ ನಗ್ತೀ! ಹೂಂ, ಬೇಕಂತನ ಸೋಲು. ಅಂವ ಗೆಲ್ಲಲಿ. ಗೆದ್ದಾಗ ಏನು ಕೂಗ್ತಾನ ನೋಡೂಣು… ನಿನಗೂ ಗೊತ್ತಿಲ್ಲೇನು? ಒಮ್ಮೆನೂ ಸೋತಿಲ್ಲ? ಯಪ್ಪಾ, ನಿಮ್ಮಮ್ಮನ ಗತೇನ ಹಟಮಾರಿ.

ಹಚ್ಚು. ಜೋರಾಗಿ… ಬಂದ. ಹೆಗಲು ಎತ್ತಿದ. ನೀ ಕತ್ತಿ ಎತ್ತಬ್ಯಾಡ. ಬಟ್ಟು ತಗಿ ಅದರ ಮ್ಯಾಗಿಂದ. ಗೊತ್ತು, ನಿನ್ನ ಕೈ ಕೇಳವಲ್ದು… ನನ್ನ ಕೈಯಾಗ ಕೊಡು ನಿನ್ನ ಕೈ. ಹಾಂ. ಹೊಡೀಲಿ ಬಿಡು. ಬಿತ್ತೇನು ನಿನ್ನ ಗೊಂಬಿ? ಪಾಪ… ಮತ್ತ ಏಳ್ತೈತಿ ಹೌದಲ್ಲ?

ಶ್…

ಕೇಳಿದೇನು! ‘ಅಹಾ ರುದ್ರಾ! ಅಹಾ ದೇವಾ!’ ಅಂದ! ಗೂಳಿ ಬಾಯಾಗ ದೇವರ ಹೆಸರು! ಗೆದ್ದವರಂಗ ಕೂಗ್ರಿ ಅಂದಿರಬೇಕು ಆ ಹುಡುಗರು. ಇವರಿಗೆ ಗೆಲುವಿನ ಕೂಗು ಅಂದ್ರ ಇದೊಂದ ಗೊತ್ತು. ಏನು ಧ್ವನಿ, ಏನು ಧ್ವನಿ… ಮೈಮ್ಯಾಲೆ ಮುಳ್ಳು ಬಂತು ನೋಡು.

ತಡಿ. ಮಂಚ ಕಿರ್ ಅಂತು. ಆ ಕಡೆ… ಎದ್ದು ಕುಂತ್ರು! ತಾವ ಎದ್ದು ಕುಂತ್ರು ಶಾಹೀನ! ತಿರುಗಿ ಕೂಗಾಕ ಹೊಂಟಾರ…

…

ಯಾಕ ಸುಮ್ಮನಾದಿ?

ಇಷ್ಟೊತ್ತು ನಗಾಕತ್ತಿದ್ದಿ. ನನ್ನ ಕೇಳು, ಅದೇನು ಸಪ್ಪಳ ಅಂತ. ಸೊಂಯ್ ಅಂತ ಗಾಳಿ… ಕೇಳವಲ್ಲಿ ಯಾಕ? ಎಲ್ಲಾರೂ ಕೇಳ್ತಾರ. ನಿನ್ನೆ ಅಕ್ಕಿಆಲೂರಿನವರು ಮದಿವಿಗೆ ಕರಿಯಾಕ ಬಂದಿದ್ರು, ಉಳವಪ್ಪನ್ನ ಬಿಟ್ಟು ಇನ್ನೊಬ್ಬ ಪುರವಂತ ಬ್ಯಾಡಂತ ಅವರಿಗೆ. ಮೌನ ಯಾವಾಗ ಮುಗೀತೈತ್ರಿ ಅಂತ ಅವರೂ ಕೇಳಿದ್ರು. ನೀ ಒಬ್ಬಾಕಿ ಕೇಳವಲ್ಲಿ. ತಲಿ ತಗ್ಗಿಸಿ ಕುಂತಿ.

ಹೌದವ್ವಾ. ಅದು ಮುಗಿಯೂ ಮೌನ ಅಲ್ಲ. ಹುಬ್ಬಳ್ಳಿ ದವಾಖಾನ್ಯಾಗ ಗಂಟಲದಾಗಿನ ಕ್ಯಾನ್ಸರ್ ಗಡ್ಡಿ ಜೋಡಿ ಧ್ವನೀನೂ ತಗದ್ರು. ಕೊಳ್ಳಾಗ ಒಂದು ತೂತು ಬಿಟ್ಟಾರ, ಅದರಾಗಿಂದ ಬರೂದ ಆ ಗಾಳಿ. ದೇವರ ಹೆಸರು ಹೇಳಿದ ಗಂಟಲಾ ನೋಡಿ ಮಂದಿ ಅಯ್ಯೋ ಪಾಪ ಅನ್ನಬಾರದು ಅಂತ ವ್ರತಾ ಅಂದೆ. ಅಂದು ಅಂದು… ನನಗೂ ಖರೇ ಅನಿಸಾಕತ್ತಿತ್ತು.

ಅಳಬ್ಯಾಡ. ಕಣ್ಣು ಒರಸ್ಕೋ. ಕೇಳಿಲ್ಲಿ, ಇನ್ನೂ ಕುಂತಾರ ಅವರು, ಮಲಗಿಲ್ಲ. ಇನ್ನೊಮ್ಮೆ ಹಚ್ಚು. ಗ್ವಾಡಿಗೆ ಆನಿಸಿ ಹಿಡಿ… ಹಾಂ, ಹಂಗ. ಇನ್ನೊಮ್ಮೆ ಸೋಲು ನನ್ನವ್ವಾ.

ತಣ್ಣಗಿರು ಮಗಳ. ಈ ಕೂಗು ಕಿವಿಗೆ ಬಿದ್ದವರೆಲ್ಲಾ, ಗ್ವಾಡಿ ಈ ಕಡೆಯವರು, ಆ ಕಡೆಯವರು, ಎಲ್ಲಾರನೂ ವೀರಭದ್ರಪ್ಪ ತಣ್ಣಗ ಇಡಲಿ. ಅವರವರ ಧ್ವನಿ ಅವರವರ ಗಂಟಲದಾಗ ಇರಲಿ.