ಮಾವ ಹಿಡಿದ ಒಳದಾರಿ

ಶಿರ್ತಾಡಿಯ ಬಸ್ ನಿಲ್ದಾಣದಲ್ಲಿ ಅವ್ವಮ್ಮ ಬೆಳಗ್ಗಿನ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಧರ್ಮಸ್ಥಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಅತ್ತೆ ಸೊಸೆ ಬರಿಗಾಲು ಚಾಚಿ ಕೂತಿದ್ದರು.

“ಅತ್ತೆ, ದೊಡ್ಡ ರಸ್ತೆಯಲ್ಲೇ ಹೋಗುವ. ಗುಂಪಿನವರು ಮುಂದೆ ಕಾಯ್ತಾರೆ.”

“ನೀರು ಹರಿಯುವ ತೋಡಿನ ಬದಿಯ ಒಳದಾರಿ ಹಿಡಿಯುವ ದೀಪಾ. ಅಲ್ಲಿ ಲಾರಿಗಳ ಗಲಾಟೆ ಇಲ್ಲ, ಹಕ್ಕಿ ಕೂಗುವುದು ಕೇಳ್ತದೆ.”

“ಹೋದ ವರ್ಷ ಮಾವನೂ ಹಾಗೇ ಹೇಳಿ ಹೋದದ್ದು. ಎದೆ ಹಿಡ್ಕೊಂಡು ಬಿದ್ದಾಗ ನೋಡ್ಲಿಕ್ಕೆ ಅಲ್ಲಿ ಒಂದು ಜನ ಇರಲಿಲ್ಲ.”

“ನಾನು ಇರಬೇಕಿತ್ತು.”

ಸೊಸೆ ನೀರಿನ ಬಾಟಲಿಯ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟಳು.

“ಬಾ ಅಂತ ಮೂರು ಸಲ ಕರೆದರು. ನಿಮ್ಮ ದಾರಿ ಬೇಜಾರು, ನಾನು ಭಜನೆಯವರ ಜೊತೆ ಹೋಗ್ತೇನೆ ಅಂದೆ. ಅವರ ಹರಕೆ ಅರ್ಧಕ್ಕೇ ನಿಂತಿದೆ ಮಗಾ. ನಿಂತಲ್ಲಿಂದಲೇ ಮುಗಿಸಬೇಕು.”

“ಆಯ್ತು. ಒಳದಾರಿಯಲ್ಲೇ ಹೋಗುವ.”

“ನಿನಗೆ ಹೆದರಿಕೆಯಾದರೆ ಗುಂಪಿನ ಜೊತೆ ಹೋಗು. ನಾನೊಬ್ಬಳೇ ನಡೀತೇನೆ.”

“ನೀವು ಮಾಡಿದ್ದನ್ನೇ ನನ್ನಿಂದ ಮಾಡಿಸಬೇಡಿ ಅತ್ತೆ.”

ಮುದುಕಿ ಸೊಸೆಯ ತೋಳು ಹಿಡಿದು ಎದ್ದರು.

ಬಸ್ಸು ಬಂದು ನಿಂತು, ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಆ ಇಬ್ಬರು ಒಳದಾರಿಗೆ ತಿರುಗುವವರೆಗೂ ಅವ್ವಮ್ಮ ಹತ್ತಲಿಲ್ಲ.